ಕೊನೆಯ ಸಾಲಿನ ನಿರೂಪಕಿ

ಮೈಕಿನ ಹತ್ತಿರ ನಿಂತವರಿಗೆ ತಮ್ಮನ್ನು ತಾವೇ ಮೆರೆಸಿಕೊಳ್ಳುವವರ ಆಟಗಳು ಕಾಣಿಸುತ್ತಲೇ ಇರುತ್ತವೆ. ಕಣ್ಣು ಮುಚ್ಚಿಕೊಂಡರೂ ಕಿವಿಗೆ ಬೀಳುತ್ತವೆ.

ನಾನು ಖಾನಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ದನಿ ದೊಡ್ಡದು, ಉಚ್ಚಾರ ಸ್ಪಷ್ಟ, ಹೇಳಿದ ಹೊತ್ತಿಗೆ ಬಂದುಬಿಡುತ್ತೇನೆ. ಇಷ್ಟು ದುರ್ಗುಣ ಸಾಕಾಯಿತು. ಈ ಭಾಗದಲ್ಲಿ ಯಾರು ಯಾವ ಪುಸ್ತಕ ಬಿಡುಗಡೆ ಮಾಡಿದರೂ ನಿರೂಪಣೆಗೆ ನನ್ನನ್ನೇ ಕರೆಯುತ್ತಾರೆ. ಶಾಲು ಯಾರಿಗೋ, ಹಣ್ಣಿನ ಬುಟ್ಟಿ ಯಾರಿಗೋ, ಗಂಟಲು ನೋವು ನನಗೆ.

ಮರುದಿನ ಪೇಪರಿನಲ್ಲಿ ವರದಿ ಬರುತ್ತದೆ. ಮೊದಲ ಸಾಲಿನಲ್ಲಿ ಲೇಖಕರ ಹೆಸರು, ನಡುವೆ ಅತಿಥಿಗಳು ಮತ್ತು ಅವರ ಮಾತು. ತೀರ ಕೊನೆಯ ಸಾಲಿನಲ್ಲಿ, ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಆ ನಡುವಿನ ನಿರೂಪಿಸಿದರು ನಾನು. ಜಾಹೀರಾತು ಹೆಚ್ಚು ಬಂದ ದಿನ ಪೇಪರಿನವರು ಕತ್ತರಿ ಹಾಕುವುದು ಆ ಸಾಲಿಗೇ. ಹಾಗಾಗಿ ಅರ್ಧಕ್ಕರ್ಧ ಕಾರ್ಯಕ್ರಮಗಳನ್ನು ಯಾರೂ ನಿರೂಪಿಸಿಯೇ ಇಲ್ಲ.

ನನಗೂ ಒಂದು ಆಸೆ ಹುಟ್ಟಿತು. ಜೀವನದಲ್ಲಿ ಒಂದು ಸಲ, ಒಂದೇ ಸಲ, ನನ್ನ ಹೆಸರು ವರದಿಯ ಮೊದಲ ಸಾಲಿನಲ್ಲಿ ಬರಬೇಕು. ಅದಕ್ಕೆ ಪುಸ್ತಕ ಬರೆಯದೆ ದಾರಿಯಿಲ್ಲ. ಬರೆದೆ. ನಗೆಬರಹಗಳ ಪುಸ್ತಕ, ರಜೆಗಳೆಲ್ಲ ಅದಕ್ಕೇ ಹೋದವು. ಆದರೆ ಬರೆಯಲು ಕೂತಾಗಲೇ ಒಂದು ಹಟವನ್ನೂ ಹಿಡಿದಿದ್ದೆ. ನನ್ನ ತುತ್ತೂರಿಯನ್ನು ನಾನೇ ಊದಿಕೊಳ್ಳುವುದಿಲ್ಲ. ಮೈಕಿನ ಹಿಂದೆ ನಿಂತು ನೋಡಿದ್ದು ನೋಡಿ ಆ ಕೆಲಸದ ಮೇಲೆ ಹೇಸಿಕೆ ಬಂದುಬಿಟ್ಟಿತ್ತು. ಯಾಕೆ ಬಂತು ಎಂದು ಕೇಳುವವರಿಗಾಗಿ ಕೆಲವು ಪ್ರಸಂಗಗಳು.

ಜೋರಾಗಿ ಓದಬೇಕಾದ ಸಾಲು

ನಮ್ಮಲ್ಲೊಬ್ಬ ಕವಿಗಳಿದ್ದಾರೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಅದೂ ಪ್ರಚಾರವೇ.

ವೇದಿಕೆಯ ಮೇಲೆ ಅತಿಥಿಗಳ ಪರಿಚಯವನ್ನು ನಿರೂಪಕರು ಓದುತ್ತಾರಲ್ಲ, ಅದನ್ನು ನಿರೂಪಕರೇ ಬರೆದಿರುತ್ತಾರೆ ಎಂದು ನೀವು ತಿಳಿದಿದ್ದರೆ ನೀವು ಬಹಳ ಒಳ್ಳೆಯವರು. ಅದನ್ನು ಅತಿಥಿಗಳೇ ಬರೆದು ಕೊಡುತ್ತಾರೆ. ತಮ್ಮನ್ನು ತಾವೇ 'ಇವರು' ಎಂದು ಕರೆದುಕೊಂಡು, ತಮಗೆ ತಾವೇ ಬೆರಗಾಗಿ ಬರೆದಿರುತ್ತಾರೆ. ನಮ್ಮ ಕವಿಗಳ ಪರಿಚಯ ಕೈಗೆ ಬಂದಾಗ ಸಣ್ಣದೊಂದು ಪುಸ್ತಕದಷ್ಟಿತ್ತು.

"ಸರ, ಇದನ್ನ ಸ್ವಲ್ಪ ಸಣ್ಣದ ಮಾಡೂಣೇನ್ರಿ?" ಎಂದು ಕೇಳಿದೆ.

"ಅಗದೀ ಮಾಡ್ರಿ ಮೇಡಂ. ನಿಮಗ ಬ್ಯಾಡ ಅನಿಸಿದ್ದು ತಗದ ಬಿಡ್ರಿ. ಪ್ರಶಸ್ತಿ ಅಷ್ಟ ತಗೀಬ್ಯಾಡ್ರಿ. ಮತ್ತ ಸಂಘ ಸಂಸ್ಥೆ ತಗೀಬ್ಯಾಡ್ರಿ. ಬಾಲ್ಯ ಅಂತೂ ಮುಟ್ಟಬ್ಯಾಡ್ರಿ, ಅದು ಭಾಳ ಹೃದಯಕ್ಕ ಹತ್ತತೈತಿ."

"ಮತ್ತ ಏನ ತಗೀಲ್ರಿ ಸರ?"

ಅವರು ಸ್ವಲ್ಪ ಯೋಚಿಸಿದರು. "ಕೊನೀಗೆ ಕವಿತಾ ಬಗ್ಗೆ ನಾಕ ಸಾಲ ಅದಾವ ನೋಡ್ರಿ, ಬೇಕಾರ ಅದನ್ನ ತಗೀರಿ."

ಸಭೆಯಲ್ಲಿ ನಾನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ, ಕೈಕಟ್ಟಿ, ಈ ಹೊಗಳಿಕೆಯೆಲ್ಲ ಮೈಮೇಲೆ ಬಿದ್ದದ್ದಕ್ಕೆ ಬಹಳ ಹಿಂಸೆಯಾದವರಂತೆ ಕೂತಿದ್ದರು. ತುಟಿ ಮಾತ್ರ ನನ್ನ ಜೊತೆಯಲ್ಲೇ ಅಲುಗಾಡುತ್ತಿತ್ತು. ಅಷ್ಟೂ ಬಾಯಿಪಾಠ. ನಡುವೆ ಜನ ಆಕಳಿಸುವುದು ಕಂಡು ಒಂದು ಸಾಲು ಹಾರಿಸಿದೆ. ಕವಿಗಳ ಕಣ್ಣು ತೆರೆಯಿತು. ಎದ್ದು ಬಂದರು. ಮೈಕಿಗೆ ಕೈ ಅಡ್ಡ ಹಿಡಿದು, ಮೈಕಿಗೂ ಸಭೆಗೂ ಚೆನ್ನಾಗಿ ಕೇಳುವಂತೆ ಪಿಸುಗುಟ್ಟಿದರು.

"ಮೇಡಂ, ಒಂದ ಸಾಲ ಬಿಟ್ರಿ."

"ಯಾವ ಸಾಲ್ರಿ ಸರ?"

"'ಪ್ರಚಾರದಿಂದ ಸದಾ ದೂರ ಉಳಿದವರು' ಅನ್ನೂದು. ಅದನ್ನ ಓದ್ರಿ. ಸ್ವಲ್ಪ ಜೋರಾಗಿ ಓದ್ರಿ."

ದೇಸೂರಿನಲ್ಲಿ ಇಳಿದವರು

ಕವಿಗಳ ಕಾಟ ಸಂಜೆಗೆ. ಬೆಳಗಿನ ಕಾಟ ಇನ್ನೊಬ್ಬರದು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ನಾವು ಕೆಲವರು ಉಪನ್ಯಾಸಕರು, ಕೋರ್ಟಿನವರು, ಬ್ಯಾಂಕಿನವರು ದಿನವೂ ಹೋಗುತ್ತೇವೆ. ಆ ರೈಲಿಗೆ ಒಬ್ಬ ನಿವೃತ್ತ ಅಧಿಕಾರಿಗಳು ಹತ್ತತೊಡಗಿದರು. ನಿವೃತ್ತರಾದ ಮೇಲೆ ಕಾದಂಬರಿ ಬರೆದಿದ್ದರು. ಖಾನಾಪುರದಲ್ಲಿ ಅವರಿಗೆ ಹುಲ್ಲುಕಡ್ಡಿಯಷ್ಟೂ ಕೆಲಸವಿರಲಿಲ್ಲ. ಓಡುವ ರೈಲಿನಿಂದ ಕೇಳುಗರು ಎದ್ದು ಹೋಗಲಾರರು ಎಂಬುದಷ್ಟೇ ಅವರ ಲೆಕ್ಕ. ನೌಕರಿಯಲ್ಲಿದ್ದಾಗ ಕೈಕೆಳಗಿನವರನ್ನು ಕೂರಿಸಿ ಓದಿ ಹೇಳುತ್ತಿದ್ದರಂತೆ. ಈಗ ಕೈಕೆಳಗೆ ಯಾರೂ ಇಲ್ಲದ್ದರಿಂದ ಭಾರತೀಯ ರೈಲ್ವೆಗೆ ಬಂದಿದ್ದರು.

ಕಾದಂಬರಿಯ ನಾಯಕ ಒಬ್ಬ ಪ್ರಾಮಾಣಿಕ ಅಧಿಕಾರಿ. ಅವನನ್ನು ಊರಿನವರು ಹೊಗಳುತ್ತಾರೆ, ಹೆಂಡತಿ ಹೊಗಳುತ್ತಾಳೆ, ಲಂಚ ಕೊಡಲು ಬಂದವನೂ ಹೊಗಳಿ ವಾಪಸು ಹೋಗುತ್ತಾನೆ. ಇನ್ನೇನೂ ಆಗುವುದಿಲ್ಲ.

"ನಿನ್ನೆ ಎಲ್ಲಿತನಕ ಆಗಿತ್ರಿ?" ಎಂದು ಕೇಳುತ್ತ ಕೂರುತ್ತಿದ್ದರು.

"ವರ್ಗಾವಣಿ ತನಕ ಸರ."

"ಇವತ್ತ ಹೊಸ ಮಂದಿ ಕುಂತಾರ, ಮೊದಲಿಂದ ತಗೊಳ್ಳೂಣು."

ಒಂದು ದಿನ ನನಗೆ ತಲೆನೋವು. ನಡುದಾರಿಯ ದೇಸೂರಿನಲ್ಲಿ ರೈಲು ನಿಂತಿತು. ನಾಯಕನ ಬೀಳ್ಕೊಡುಗೆ ಸಮಾರಂಭ ಶುರುವಾಗುವುದರಲ್ಲಿತ್ತು. ಊರಿನವರೆಲ್ಲ ಅಳುವವರಿದ್ದರು. ಏನೂ ಯೋಚಿಸದೆ ಬ್ಯಾಗು ತೆಗೆದುಕೊಂಡು ಇಳಿದುಬಿಟ್ಟೆ. ರೈಲು ಹೋಯಿತು. ಸುತ್ತ ಗದ್ದೆ, ನಡುವೆ ನಾನು. ಒಬ್ಬ ವಯಸ್ಸಾದವರಿಗೆ ಹೀಗೆ ಮಾಡಿದೆನಲ್ಲ ಎಂದು ಮನಸ್ಸಿಗೆ ಚುಚ್ಚಿತು. ತಿರುಗಿ ನೋಡಿದರೆ ಬೆಂಚಿನ ಮೇಲೆ ನಮ್ಮ ಗಣಿತದ ಉಪನ್ಯಾಸಕರು ಕೂತಿದ್ದಾರೆ. ಡಬ್ಬಿಯ ಇನ್ನೊಂದು ಬಾಗಿಲಿನಿಂದ ಇಳಿದ ಕೋರ್ಟಿನ ಗುಮಾಸ್ತರು ಕಂಬದ ಮರೆಯಲ್ಲಿ ನಿಂತು ಮುಖ ಒರೆಸಿಕೊಳ್ಳುತ್ತಿದ್ದಾರೆ.

"ಮೇಡಂ, ದೇಸೂರಾಗ ನಿಮಗೇನ್ರಿ ಕೆಲಸ?" ಎಂದರು ಗಣಿತದವರು.

"ನಿಮಗೇನ್ರಿ ಸರ?"

"ನಂದು ದಿನಾ ಇರತೈತ್ರಿ" ಎಂದು ಅವರು ನೆಲ ನೋಡಿದರು.

ಮೂವರೂ ರಸ್ತೆಗೆ ನಡೆದೆವು. ಅಲ್ಲಿ ಒಂದು ಟಂಟಂ ರಿಕ್ಷಾ ನಿಂತಿತ್ತು. ಚಾಲಕ ನಮ್ಮನ್ನು ದೂರದಿಂದಲೇ ಕಂಡು ಸೀಟು ಒರೆಸತೊಡಗಿದ.

"ಬರ್ರಿ ಬರ್ರಿ, ಖಾನಾಪುರ ಖಾನಾಪುರ! ಕಾದಂಬರಿ ಮಂದಿ ಎಲ್ಲಾ ಈ ಕಡೆ ಬರ್ರಿ!"

ಶುಭ ಕೋರುವವರು

ನಮ್ಮೂರಿನಲ್ಲಿ ಫ್ಲೆಕ್ಸ್ ಹಾಕಿಸಿಕೊಳ್ಳದವರು ಮನುಷ್ಯರೇ ಅಲ್ಲ. ಹುಟ್ಟುಹಬ್ಬ, ನೇಮಕ, ವರ್ಗಾವಣೆ, ಮಗನ ಹತ್ತನೇ ಇಯತ್ತೆಯ ಪಾಸು, ಎಲ್ಲಕ್ಕೂ ಚೌಕದಲ್ಲಿ ಒಂದು ಆಳೆತ್ತರದ ಮುಖ ಏಳುತ್ತದೆ. ಸಾಹಿತ್ಯ ಒಂದು ಹಿಂದುಳಿದಿತ್ತು. ಆ ಕೊರತೆಯನ್ನು ನಮ್ಮ ಕವಿಗಳು ನೀಗಿದರು.

ಅವರ ಹೊಸ ಸಂಕಲನ ಬಂದಾಗ ಹಿಂದವಾಡಿಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು. ಕವಿಗಳು ಕರಿ ಕನ್ನಡಕ ಹಾಕಿಕೊಂಡು, ತಲೆಗೆ ಫೇಟಾ ಸುತ್ತಿಕೊಂಡು, ಎರಡೂ ಕೈ ಜೋಡಿಸಿ ನಿಂತಿದ್ದಾರೆ. ಬೆನ್ನ ಹಿಂದೆ ಯಾಕೋ ಏನೋ ಒಂದು ಸಿಂಹ. ಕೆಳಗೆ ಸಾಲಾಗಿ 'ಶುಭ ಕೋರುವವರು' ಎಂದು ಅಂಚೆಚೀಟಿಯಷ್ಟು ಫೋಟೋಗಳು. ಅದರಲ್ಲಿ ಒಂದು ನನ್ನದು. ಯಾವುದೋ ಸಭೆಯಲ್ಲಿ ಮೈಕಿನ ಮುಂದೆ ಬಾಯಿ ತೆರೆದಾಗ ತೆಗೆದದ್ದು. ನಾನು ಶುಭ ಕೋರಿದ್ದು ನನಗೇ ಗೊತ್ತಿರಲಿಲ್ಲ. ಪುಸ್ತಕದ ಹೆಸರು ಎಲ್ಲಿದೆ ಎಂದು ಹುಡುಕಿದೆ. ಸಿಂಹದ ಕಾಲಿನ ಹತ್ತಿರ ಇತ್ತು.

ಫೋನು ಮಾಡಿ ಜಗಳ ತೆಗೆದೆ. "ಸರ, ನನ್ನ ಕೇಳಲಾರದ ನನ್ನ ಫೋಟೋ ಹೆಂಗ ಹಾಕಿದ್ರಿ?"

"ಮೇಡಂ, ಶುಭ ಅಂದಮ್ಯಾಲ ಏನ ಕೇಳೂದ್ರಿ? ನಿಮಗ ಪ್ರಚಾರ ಬ್ಯಾಡೇನು? ನಾಳೆ ನಿಮ್ಮ ಪುಸ್ತಕ ಬರತೈತಿ, ಮಂದಿಗೆ ನಿಮ್ಮ ಮಾರಿ ಗೊತ್ತಾಗಬೇಕಲ್ರಿ!"

ಮಂದಿಗೆ ಮುಖ ಗೊತ್ತಾಯಿತು. ಮರುದಿನ ಬೆಳಿಗ್ಗೆಯೇ ಬಾಜೂ ಮನೆಯ ವೈನಿ ಓಣಿಯ ಹೆಂಗಸರನ್ನು ಕರೆದುಕೊಂಡು ಬಂದರು. ಆ ವೈನಿ ನಮ್ಮ ಓಣಿಯ ಬಾಯಿ. ವೈನಿ ಎಂದರೆ ಅತ್ತಿಗೆ; ಅವರು ನನ್ನನ್ನೂ ವೈನಿ ಎನ್ನುತ್ತಾರೆ, ನಾನು ಅವರನ್ನೂ ವೈನಿ ಎನ್ನುತ್ತೇನೆ.

"ವೈನೀ, ಫ್ಲೆಕ್ಸ್ ನೋಡಿದ್ವಿರಿ. ಭಾಳ ಛಲೋ ಆತು, ಹೆಣ್ಣಮಕ್ಕಳು ನಿಲ್ಲಬೇಕು. ಯಾವ ಪಾರ್ಟಿರಿ?"

"ಅಯ್ಯ, ಪಾರ್ಟಿ ಅಲ್ರಿ, ಅದು ಕವಿತಾ ಪುಸ್ತಕ."

"ಇರಲಿ ಬಿಡ್ರಿ, ಮೊದಲ ಎಲ್ಲಾರೂ ಹಂಗ ಅಂತಾರ. ನಮ್ಮ ನಳದ ನೀರಿಂದ ಒಂದ ನೋಡ್ರಿ. ಬಂದ್ರ ಬಂತು, ಇಲ್ಲಾಂದ್ರ ಇಲ್ಲ."

ಎಷ್ಟು ಹೇಳಿದರೂ ಹೋಗಲಿಲ್ಲ. ಕೊನೆಗೆ ಅವರನ್ನು ಕಳಿಸುವುದಕ್ಕಾಗಿಯೇ ನೀರಿನ ಕಚೇರಿಗೆ ಫೋನು ಮಾಡಿ, ನಿರೂಪಣೆಯ ದನಿಯಲ್ಲಿ ದೂರು ಹೇಳಿದೆ. ಆ ದನಿಗೆ ಹೆದರಿದರೋ, ಫ್ಲೆಕ್ಸ್ ನೋಡಿದ್ದರೋ, ಸಂಜೆಗೆ ನೀರು ಬಂತು. ನಮ್ಮ ಮನೆಯವರು ಕೊಡ ತುಂಬಿಸುತ್ತ ಹೇಳಿದರು: "ಇಷ್ಟ ವರ್ಷದ ಸಾಹಿತ್ಯ ಸೇವಾದಾಗ ಮಂದಿಗೆ ಉಪಯೋಗ ಆಗಿದ್ದು ಇದೊಂದ ನೋಡು."

ಎದ್ದು ನಿಂತ ಸಭೆ

ಬೆಳಗಾವಿಯಲ್ಲಿ ಕೇಳುವವರು ಕಡಿಮೆಯಾದಂತೆ ಕವಿಗಳಿಗೆ ಹಳ್ಳಿಗಳ ಮೇಲೆ ಪ್ರೀತಿ ಹೆಚ್ಚಾಯಿತು. ಹಳ್ಳಿಯ ಮುಗ್ಧ ಜನರಿಗೆ ಕಾವ್ಯ ತಲುಪಿಸುತ್ತೇವೆ ಎಂದು ಹೊರಟರು. ಮುಗ್ಧರು ಏನು ತಪ್ಪು ಮಾಡಿದ್ದರೋ ಕಾಣೆ. ಖಾನಾಪುರದ ಆಚೆ ಒಂದು ಊರಿನ ಸಮುದಾಯ ಭವನ ಗೊತ್ತಾಯಿತು. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ ಮಾತಾಡುವ ಊರು ಅದು. ನಿರೂಪಣೆಗೆ ನಾನು.

ಹೋಗಿ ನೋಡಿದರೆ ಭವನ ತುಂಬಿ ತುಳುಕುತ್ತಿದೆ! ಮುದುಕರು, ಹೆಂಗಸರು, ಕೈಯಲ್ಲಿ ಖಾಲಿ ಚೀಲ ಹಿಡಿದು ನೆಲದ ಮೇಲೆ ಕೂತಿದ್ದಾರೆ. ಕವಿಗಳ ಕಣ್ಣಲ್ಲಿ ನೀರು ಬಂತು. "ನೋಡ್ರಿ ಮೇಡಂ, ಪ್ಯಾಟಿ ಮಂದಿಗೆ ಇದರ ಕಿಮ್ಮತ್ತು ಗೊತ್ತಿಲ್ಲ" ಎಂದು ನನ್ನ ಕಡೆ ತಿರುಗಿದರು, ಪೇಟೆಯ ಪರವಾಗಿ ನಾನೇ ತಪ್ಪಿತಸ್ಥೆ ಎಂಬಂತೆ.

ಕವಿತೆ ಶುರುವಾಯಿತು. ಜನ ಪ್ರತಿ ಸಾಲಿಗೂ ಚಪ್ಪಾಳೆ ತಟ್ಟಿದರು. ಸಾಲು ಮುಗಿಯುವ ಮೊದಲೂ ತಟ್ಟಿದರು. ನನಗೆ ಸಂಶಯ ಬಂತು. ಮುಂದೆ ಕೂತಿದ್ದ ಒಬ್ಬ ಅಜ್ಜಿಯ ಹತ್ತಿರ ಬಗ್ಗಿ ಕೇಳಿದೆ: "ಅಜ್ಜೀ, ಕವಿತಾ ಛಲೋ ಅನಸಾಕತ್ತೈತೇನ್ರಿ?"

"ಸಾಹೇಬ್ರು ಭಾಳ ಛಲೋ ಮಾತಾಡ್ತಾರ, ಬಾಯೀ" ಎಂದಳು ಅಜ್ಜಿ. "ತಾಲೂಕ ಕಚೇರಿಯವರಲ್ಲ? ಸರ್ವರ್ ಯಾವಾಗ ಬರತೈತಿ ಅಂತ ಯಾವಾಗ ಹೇಳ್ತಾರ?"

ಆಗ ತಿಳಿಯಿತು. ಭವನದ ಗೋಡೆಗೆ ಹೊಂದಿಕೊಂಡೇ ರೇಷನ್ ಅಂಗಡಿ. ಬೆಳಗಿನಿಂದ ಸರ್ವರ್ ಇಲ್ಲದೆ ಹೆಬ್ಬೆಟ್ಟು ತೆಗೆದುಕೊಳ್ಳುವ ಯಂತ್ರ ಸುಮ್ಮನೆ ಕೂತಿದೆ. ಜನ ನೆರಳಿಗೆಂದು ಒಳಗೆ ಬಂದು ಕೂತಿದ್ದಾರೆ. ಅಷ್ಟರಲ್ಲಿ ಶಾಲು ಹೊದ್ದ ಸಾಹೇಬರು ಮೈಕು ತಂದು ಮಾತಾಡತೊಡಗಿದರೆ ಅವರು ಇನ್ನೇನು ತಿಳಿಯಬೇಕು? ಸಾಹೇಬರನ್ನು ಖುಷಿಯಾಗಿಟ್ಟರೆ ಅಕ್ಕಿ ಸಿಗಬಹುದು ಎಂದು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಆ ಜನರ ಮೇಲೆ ಕನಿಕರ ಬಂತು. ಅಕ್ಕಿಯ ಸಲುವಾಗಿ ಎಂಥೆಂಥದನ್ನು ಸಹಿಸಬೇಕು!

ಕವಿಗಳು ತಮ್ಮ ಅತಿ ಉದ್ದದ ಕವಿತೆಯ ನಡುವೆ, ಒಂದು ಕೈ ಎತ್ತಿ, ಕಣ್ಣು ಮುಚ್ಚಿ ನಿಂತಾಗ ಗೋಡೆಯ ಆಚೆಯಿಂದ ಕೂಗು ಬಂತು: "ಸರ್ವರ್ ಬಂತೂ!"

ಇಡೀ ಭವನ ಎದ್ದಿತು. ಚೀಲ ಝಾಡಿಸಿಕೊಂಡು ಬಾಗಿಲಿಗೆ ನುಗ್ಗಿತು. ಅಜ್ಜಿ ಹೋಗುತ್ತ ಕವಿಗಳಿಗೆ ಕೈ ಮುಗಿದು, "ನಿಮ್ಮಿಂದ ಭಾಳ ಉಪಕಾರ ಆತ್ರಿ ಸಾಹೇಬ್ರ" ಎಂದಳು. ಕವಿಗಳು ಕಣ್ಣು ತೆರೆದಾಗ ಎದುರಿಗೆ ನಾನೊಬ್ಬಳು, ಮತ್ತು ಯಾರೋ ಮರೆತು ಹೋದ ಒಂದು ಚೀಲ.

ಮನುಷ್ಯನಿಗೆ ಇಷ್ಟಾದ ಮೇಲೆ ನಾಚಿಕೆ ಬರಬೇಕಲ್ಲ? ಮರುದಿನದ ವರದಿಯನ್ನು ಅವರೇ ಬರೆದು ಕಳಿಸಿದ್ದರು. 'ಕವಿತೆ ಮುಗಿಯುವ ಮೊದಲೇ ಇಡೀ ಸಭೆ ಎದ್ದು ನಿಂತಿತು' ಎಂದಿತ್ತು. ಒಂದಕ್ಷರವೂ ಸುಳ್ಳಲ್ಲ. ಕೊನೆಯ ಸಾಲು ಕತ್ತರಿಗೆ ಹೋಗಿತ್ತು.

ವಿಮಾನಕ್ಕಿಂತ ಮೊದಲು

ಕವಿಗಳಿಗೆ ಥಾಯ್ಲೆಂಡಿನಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಪ್ರವಾಸ ಮಾಡಿಸುವವರೇ ಪ್ರಶಸ್ತಿಯನ್ನೂ ಕೊಡುತ್ತಾರೆ. ಬೆಳಗಿನ ಉಪಾಹಾರ, ದೋಣಿ ವಿಹಾರ, ಪ್ರಶಸ್ತಿ ಪ್ರದಾನ, ರಾತ್ರಿ ಊಟ. ಎಲ್ಲ ಒಂದೇ ಪ್ಯಾಕೇಜು. ವಿಮಾನದ ತುಂಬ ಹೋದವರು ವಿಮಾನದ ತುಂಬ ಪ್ರಶಸ್ತಿ ಪಡೆದು ಬರುತ್ತಾರೆ. ಯಾರಿಗೂ ಬೇಜಾರಿಲ್ಲ.

ವಾಟ್ಸಾಪಿನಲ್ಲಿ ಪ್ರಕಟಣೆ ಬಂತು. ಕವಿಗಳು ಸಂಜೆಯ ವಿಮಾನದಲ್ಲಿ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಿಳಿಯುತ್ತಾರೆ, ಅಭಿಮಾನಿಗಳು ಸ್ವಾಗತಕ್ಕೆ ಬರಬೇಕು. ಪ್ರಕಟಣೆ ಅಭಿಮಾನಿಗಳ ಹೆಸರಿನಲ್ಲಿತ್ತು, ನಂಬರು ಕವಿಗಳದೇ. ನನಗೆ ಬೇರೆಯಾಗಿ ಫೋನೂ ಬಂತು: "ಮೇಡಂ, ಮೈಕ್ ಹಿಡ್ಕೊಂಡ ಎರಡ ಮಾತ ಹೇಳಿಬಿಡ್ರಿ. ರೋಡಿನ ಮ್ಯಾಲ ಕಾರ್ಯಕ್ರಮ, ಪರಿಚಯ ಪೂರಾ ಬ್ಯಾಡ, ಅರ್ಧಾ ಸಾಕು."

ನಾನು ಯಾಕೆ ಹೋದೆ ಎಂದರೆ, ನನ್ನ ಪುಸ್ತಕ ಅಷ್ಟರಲ್ಲಿ ಅಚ್ಚಾಗಿತ್ತು. ಬಿಡುಗಡೆಗೆ ತಾರೀಖು ಗೊತ್ತಾಗಿತ್ತು. ನಾನು ಇವರ ಕಾರ್ಯಕ್ರಮಕ್ಕೆ ಹೋದರೆ ಇವರ ಮಂದಿ ನನ್ನ ಕಾರ್ಯಕ್ರಮಕ್ಕೆ ಬರುತ್ತಾರೆ ಎಂಬ ಸಣ್ಣ ಆಸೆ.

ನಿಲ್ದಾಣದ ಹೊರಗೆ ಹಲಗಿ ಬಾರಿಸುವವರು, ಹಾರ ಹಿಡಿದವರು, ಮೊಬೈಲು ಹಿಡಿದವರು. ಸ್ವಲ್ಪ ಹೊತ್ತಿಗೆ ಬಾಗಿಲಿನ ಬದಿಯಿಂದ ಕವಿಗಳು ಪ್ರತ್ಯಕ್ಷರಾದರು. ತಳ್ಳುವ ಗಾಡಿಯ ಮೇಲೆ ಸೂಟ್‌ಕೇಸು, ಕೊರಳಲ್ಲಿ ಪ್ರಶಸ್ತಿಯ ಪದಕ. ಹಲಗಿ ಮೊಳಗಿತು, ಹಾರ ಬಿತ್ತು. ನಾನು ಮೈಕಿನಲ್ಲಿ "ಏಳು ಸಮುದ್ರ ದಾಟಿ, ಇದೀಗ ತಾನೇ ಆಕಾಶದಿಂದ ಇಳಿದು..." ಎಂದು ಶುರು ಮಾಡಿದೆ. ಆದರೆ ಅವರ ಹಿಂದೆ ಬೇರೆ ಯಾರೂ ಬರುತ್ತಿಲ್ಲವಲ್ಲ ಎಂದು ಅನಿಸಿತು.

ಬದಿಯಲ್ಲಿ ನಿಂತಿದ್ದ ಹಿರಿಯರೊಬ್ಬರಿಗೂ ಅದೇ ಅನಿಸಿತ್ತು. ಮಗಳು ಅಳಿಯನನ್ನು ಕರೆದೊಯ್ಯಲು ಬಂದವರು. ಗುಂಪಿನೊಳಗೆ ದಾರಿ ಮಾಡಿಕೊಂಡು ಬಂದು ಕೇಳಿದರು.

"ಸರ, ನೀವು ಈಗ ಬೆಂಗಳೂರ ವಿಮಾನದಾಗ ಬಂದ್ರೇನ್ರಿ?"

"ಹೌದ್ರಿ, ಈಗ ಇಳದೆ" ಎಂದರು ಕವಿಗಳು, ಆಯಾಸದ ಮುಖ ಮಾಡಿ.

"ಹೆಂಗ್ರಿ ಅದು? ಇವತ್ತಿನ ವಿಮಾನ ರದ್ದಾಗೇತಿ ಅಂತ ಈಗ ಹೇಳಿದ್ರು. ನಮ್ಮ ಅಳಿಯಾ ಇನ್ನೂ ಬೆಂಗಳೂರಾಗ ಕುಂತಾನ."

ನಡೆದದ್ದು ಇಷ್ಟು ಎಂದು ಆಮೇಲೆ ತಿಳಿಯಿತು. ಕವಿಗಳು ಅವತ್ತು ಬೆಳಿಗ್ಗೆಯೇ ಮುಂಬಯಿಯಿಂದ ಬಸ್ಸಿನಲ್ಲಿ ಬಂದು, ಮನೆಯಲ್ಲಿ ಉಂಡು ಮಲಗಿ ಎದ್ದು, ಆಟೋದಲ್ಲಿ ಸಾಂಬ್ರಾಕ್ಕೆ ಬಂದು, ಒಂದು ಗಾಡಿ ಹಿಡಿದು ಬಾಗಿಲ ಬದಿಗೆ ಕಾದು ನಿಂತಿದ್ದರು. ಎಲ್ಲ ಸರಿಯಾಗಿ ಹೊಂದಿಸಿದ್ದರು, ವಿಮಾನವನ್ನು ಬಿಟ್ಟು.

ಹಲಗಿ ನಿಂತಿತು. ನಾನು ಮೈಕು ಕೆಳಗಿಳಿಸಿದೆ. ಕವಿಗಳು ಪದಕ ತಿರುವುತ್ತ ನಿಂತರು. ಕೊನೆಗೆ ಹಲಗಿ ಬಾರಿಸುವವನಿಗೇ ಕನಿಕರ ಬಂತು.

"ಇರಲಿ ಬಿಡ್ರಿ ಯಜಮಾನ್ರ" ಎಂದು ಅವನು ಹಿರಿಯರನ್ನು ಸಮಾಧಾನ ಮಾಡಿದ. "ಸಾಹೇಬ್ರು ಮುಂದ ಬಂದಾರ. ವಿಮಾನ ಹಿಂದಿಂದ ಬರತೈತಿ."

ನನ್ನ ಸರದಿ

ಇನ್ನು ನನ್ನ ಪುಸ್ತಕ. ಹಟದಂತೆ ನಾನು ಫ್ಲೆಕ್ಸ್ ಹಾಕಿಸಲಿಲ್ಲ, ಹಲಗಿ ಕರೆಸಲಿಲ್ಲ, ವಾಟ್ಸಾಪಿನಲ್ಲಿ ಅಭಿಮಾನಿಗಳ ಹೆಸರಿನಲ್ಲಿ ನನ್ನನ್ನೇ ಕರೆಯಲಿಲ್ಲ. ಸಣ್ಣದೊಂದು ಸಭಾಂಗಣ, ಸರಳ ಆಮಂತ್ರಣ. ನಿರೂಪಣೆಗೆ ನನ್ನ ಕೈಯಲ್ಲೇ ಕಲಿತ ಕಿರಿಯ ಸಹೋದ್ಯೋಗಿ ಒಪ್ಪಿದ್ದಳು.

"ಒಂದ ಫ್ಲೆಕ್ಸರೇ ಹಾಕಸ" ಎಂದರು ನಮ್ಮ ಮನೆಯವರು.

"ಬ್ಯಾಡ್ರಿ. ಕೃತಿ ಮಾತಾಡಬೇಕು, ಕರ್ತೃ ಅಲ್ಲ" ಎಂದೆ. ಈ ಮಾತು ನನಗೇ ಬಹಳ ಹಿಡಿಸಿತ್ತು.

ಅದೇ ದಿನ, ಅದೇ ಸಂಜೆ, ಕವಿಗಳು ತಮ್ಮ ಹುಟ್ಟುಹಬ್ಬದ ಅಭಿನಂದನಾ ಸಮಾರಂಭ ಇಟ್ಟುಕೊಂಡರು. ಊರಿನ ಸಾಹಿತಿಗಳೆಲ್ಲ ಅತ್ತ ಹೋದರು. ನನ್ನ ಮುಖ್ಯ ಅತಿಥಿಯೂ ಅತ್ತಲೇ ಹೋದರು. ಕೊನೆಗಳಿಗೆಯಲ್ಲಿ ಅತಿಥಿಯಾಗಲು ಬಿಡುವಾಗಿ ಸಿಕ್ಕವರು ಒಬ್ಬರೇ, ರೈಲಿನ ಕಾದಂಬರಿಕಾರರು. ಕಾರ್ಯಕ್ರಮದ ಹೊತ್ತಿಗೆ ನಿರೂಪಕಿಯ ಫೋನು ಬಂತು.

"ಮೇಡಂ, ಸಿಟ್ಟಾಗಬ್ಯಾಡ್ರಿ. ಕವಿಗಳು ಇಲ್ಲೇ ನಿರೂಪಣಾಕ ಹಿಡದ ನಿಲ್ಲಿಸ್ಯಾರ. ಇಲ್ಲೆ ಹೋಳಿಗಿ ಊಟನೂ ಐತ್ರಿ."

ಸಭಾಂಗಣದಲ್ಲಿ ನಮ್ಮ ಓಣಿಯ ಹೆಂಗಸರು, ಕಾಲೇಜಿನವರು, ಮನೆಯವರ ಕಡೆಯ ನೆಂಟರು. ಮೈಕು ಒಂಟಿಯಾಗಿ ನಿಂತಿತ್ತು. ಯಾರಾದರೂ ಶುರು ಮಾಡಲೇಬೇಕಿತ್ತು. ಹೋಗಿ ನಿಂತೆ.

"ಈಗ ಕೃತಿಯ ಲೇಖಕಿಯವರು ವೇದಿಕೆಗೆ ಆಗಮಿಸಬೇಕಾಗಿ ವಿನಂತಿ" ಎಂದೆ. ಯಾರೂ ಬರಲಿಲ್ಲ. ಮೈಕು ಬಿಟ್ಟು ಕೆಳಗಿಳಿದು, ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತೆ. ಮತ್ತೆ ಎದ್ದು ಮೈಕಿಗೆ ಬಂದು, "ಲೇಖಕಿಯವರಿಗೆ ಹೂಗುಚ್ಛ ನೀಡಿ ಗೌರವಿಸಲಾಗುವುದು" ಎಂದೆ. ಓಡಿ ಹೋಗಿ ಕುರ್ಚಿಯ ಹತ್ತಿರ ನಿಂತು ಹೂ ತೆಗೆದುಕೊಂಡೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಲೇಖಕಿ ಪರಿಚಯ ಆಗಲಿ" ಎಂದು ಕಾದಂಬರಿಕಾರರು ಅಪ್ಪಣೆ ಕೊಟ್ಟರು.

ನನ್ನನ್ನು ನಾನೇ 'ಇವರು' ಎಂದು ಕರೆಯುವ ಹೊತ್ತು ಬಂದಿತ್ತು. ಕಿವಿ ಬಿಸಿಯಾದವು. ಇವರು ಇಲ್ಲಿ ಹುಟ್ಟಿದರು, ಇಲ್ಲಿ ಕಲಿಸುತ್ತಾರೆ ಎಂದು ಹೇಗೋ ಮುಗಿಸುವಷ್ಟರಲ್ಲಿ, ವರ್ಷಗಟ್ಟಲೆ ಓದಿದ ಬಾಯಿ ತನ್ನ ಪಾಡಿಗೆ ತಾನೇ ಹೇಳಿಬಿಟ್ಟಿತು: "ಇವರು ಪ್ರಚಾರದಿಂದ ಸದಾ ದೂರ ಉಳಿದವರು." ಅದೂ ಜೋರಾಗಿ!

ಸಭೆ ಬಿದ್ದು ಬಿದ್ದು ನಕ್ಕಿತು. ಗಣಿತದ ಉಪನ್ಯಾಸಕರು ಕಣ್ಣೊರೆಸಿಕೊಂಡರು. ನನ್ನ ನಗೆಬರಹಕ್ಕೆ ಸಿಕ್ಕ ಮೊದಲ ನಗು ಅದು, ಪುಸ್ತಕದಲ್ಲಿಲ್ಲದ ಸಾಲಿಗೆ. ಆಮೇಲೆ ಕಾದಂಬರಿಕಾರರು ಪುಸ್ತಕದ ಕಾಗದ ಬಿಚ್ಚಿ, ಎತ್ತಿ ತೋರಿಸಿ, ಕೆಳಗಿಟ್ಟು, ತಮ್ಮ ಕಾದಂಬರಿಯ ಬಗ್ಗೆ ಮಾತಾಡಿದರು. ಮೊದಲಿಂದ ತೆಗೆದುಕೊಂಡರು. ಗಣಿತದವರು ನನ್ನ ಕಡೆ ನೋಡಿ, ದೇಸೂರು ಬಂತು ಎಂದು ಸನ್ನೆ ಮಾಡಿ ಎದ್ದರು. ಅವರ ಹಿಂದೆ ಅರ್ಧ ಸಭೆ ಇಳಿಯಿತು.

ಇರಲಿ. ನನಗೆ ಬೇಕಾಗಿದ್ದು ಮೊದಲ ಸಾಲು. ನಮ್ಮಲ್ಲಿ ವರದಿ ಬರೆದು ಪೇಪರಿಗೆ ಕಳಿಸುವುದೂ ಕಾರ್ಯಕ್ರಮದವರೇ. ಮನೆಗೆ ಬಂದು ಬರೆಯಲು ಕೂತೆ. ನನ್ನ ಹೆಸರನ್ನು ನಾನೇ ಮೊದಲ ಸಾಲಿನಲ್ಲಿ ಬರೆಯಬೇಕು! ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕವಿಗಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ 'ನಗರದಲ್ಲಿ ನಗೆಬರಹಗಳ ಕೃತಿ ಬಿಡುಗಡೆಯಾಯಿತು' ಎಂದು ಶುರು ಮಾಡಿ, ಅತಿಥಿಗಳ ಮಾತು ಹಾಕಿ, ತೀರ ಕೊನೆಗೆ ನಾಚುತ್ತ ಒಂದು ಸಾಲು ಸೇರಿಸಿದೆ: 'ಲೇಖಕಿ', ನನ್ನ ಹೆಸರು, 'ನಿರೂಪಿಸಿದರು.'

ಮರುದಿನ ಪೇಪರು ಬಿಡಿಸಿದೆ. ವರದಿ ಬಂದಿತ್ತು. ಕೃತಿ ಬಿಡುಗಡೆಯಾಗಿತ್ತು. ಕಾದಂಬರಿಕಾರರು ತಮ್ಮ ಕಾದಂಬರಿಯ ಬಗ್ಗೆ ಮಾತಾಡಿದ್ದರು. ಅಲ್ಲಿಗೆ ಮುಗಿದಿತ್ತು. ಕೊನೆಯ ಸಾಲು ಇರಬೇಕಾದ ಜಾಗಕ್ಕೆ ಒಂದು ದೊಡ್ಡ ಜಾಹೀರಾತು ಏರಿ ಕೂತಿತ್ತು. ಕವಿಗಳ ಹುಟ್ಟುಹಬ್ಬದ್ದು. ಕರಿ ಕನ್ನಡಕ, ಫೇಟಾ, ಹಿಂದೆ ಸಿಂಹ. ಯಾರು ಬರೆದರೋ ಯಾರಿಗೂ ತಿಳಿಯದ ಪುಸ್ತಕ ನನ್ನದಾಯಿತು. ಕವಿಗಳಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬಂತು. ಬರೆದವಳಿಗೆ ತನ್ನ ಹೆಸರು ಬರೆದುಕೊಳ್ಳಲು ಏನು ಧಾಡಿಯಾಗಿತ್ತು?

ಅಷ್ಟರಲ್ಲಿ ಬಾಜೂ ಮನೆಯ ವೈನಿ ಪೇಪರು ಹಿಡಿದು ಓಡಿ ಬಂದರು. "ವೈನೀ, ಪೇಪರದಾಗ ನಿಮ್ಮ ಫೋಟೋ ಬಂದೈತಿ!"

ಎದೆ ಹಾರಿತು. ಅವರ ಬೆರಳಿದ್ದಲ್ಲಿ ನೋಡಿದೆ. ಜಾಹೀರಾತಿನ ತಳದಲ್ಲಿ, ಶುಭ ಕೋರುವವರ ಸಾಲಿನಲ್ಲಿ, ಅಂಚೆಚೀಟಿಯಷ್ಟು ನಾನು. ಬಾಯಿ ತೆರೆದಿತ್ತು.

"ಈ ಸಲ ಖರೇನ ನಿಂತೀರಿ ಬಿಡ್ರಿ, ಇನ್ನ ಮುಚ್ಚಿಡಬ್ಯಾಡ್ರಿ. ನೀರಿಂದು ಮಾಡಿಕೊಟ್ರಿ, ಓಣಿ ಓಟು ಎಲ್ಲಾ ನಿಮಗ."

ಮಂಚದ ಕೆಳಗಿನ ಕಟ್ಟಿನಿಂದ ನನ್ನ ಪುಸ್ತಕ ಒಂದನ್ನು ಎಳೆದು ಅವರ ಕೈಗಿಟ್ಟೆ. ಮುಖಪುಟದ ಮೇಲೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ, ಹಿಂದೆ ನನ್ನ ಫೋಟೋ. ಇದನ್ನಾದರೂ ನೋಡಲಿ. ವೈನಿ ಹಿಂದೆ ಮುಂದೆ ತಿರುವಿದರು, ಕೈಯಲ್ಲಿ ತೂಗಿ ನೋಡಿದರು, ಹಾಳೆ ಮಗುಚಿದರು. ಮುಖದಲ್ಲಿ ಗೌರವ ಮೂಡಿತು.

"ಪ್ರಣಾಳಿಕಾ ಭಾಳ ದಪ್ಪ ಮಾಡಿಸೀರಿ ವೈನೀ" ಎಂದರು. "ಗಟಾರದ್ದು ಯಾವ ಪೇಜಿನ್ಯಾಗ ಐತ್ರಿ?"